ಕುಡುಕರ ಕಲ್ಲು

ದೊರೆಯ ಗೋರಿಯಾಗಲಿದ್ದ ಪಿರಮಿಡ್ಡಿಗೆ ಕಲ್ಲೆಳೆಯುವ ತಂಡಗಳು ತಮ್ಮ ಹೆಸರನ್ನು ತಾವೇ ಇಟ್ಟುಕೊಂಡಿದ್ದವು. ಕೂಲಿಯಾಳು ಹೆತೆಪಿಯ ತಂಡ ‘ದೊರೆಯ ಕುಡುಕರು’, ಪಕ್ಕದ್ದು ‘ದೊರೆಯ ಗೆಳೆಯರು’. ಅಂಗಳದ ತುಂಬ ಒಂದೇ ಅಳತೆಯ ಕಲ್ಲುಗಳು. ಯಾವುದು ಯಾರದೆಂದು ಹೇಳಲು ಅದರ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಹೆಸರೊಂದೇ ಗತಿ.

ಈ ಸರದಿಯಲ್ಲಿ ಎರಡೂ ತಂಡಕ್ಕೆ ಇನ್ನು ಒಂದೊಂದೇ ಕಲ್ಲು ಉಳಿದಿತ್ತು. ಅದನ್ನು ಮೇಲೆ ಮುಟ್ಟಿಸಿದರೆ ಊರಿಗೆ ಹೋಗುವ ದೋಣಿ. ಊರಲ್ಲಿ ಹೆತೆಪಿಯ ಹೆಂಡತಿ ಹೆತ್ತು ಎರಡು ತಿಂಗಳಾಗಿತ್ತು. ಮಗಳ ಮುಖವನ್ನು ಅವನಿನ್ನೂ ಕಂಡಿರಲಿಲ್ಲ.

ಕಲ್ಲು ಹೊತ್ತ ಜಾರುಬಂಡಿ ಸರಾಗವಾಗಿ ಜಾರಲೆಂದು ಅದರ ಮುಂದಿನ ಮರಳಿಗೆ ನೀರು ಹೊಯ್ಯುವುದು ಅವನ ಕೆಲಸ. ಹಿಂದಿನ ದಿನ ದಡದಿಂದ ಕಲ್ಲು ತರುವಾಗ ಮಗಳ ಧ್ಯಾನದಲ್ಲಿ ಅವನ ಕೈ ತಡೆದಿತ್ತು. ಒಣ ಮರಳಿಗೆ ಸಿಕ್ಕಿ ಬಂಡಿ ಗಕ್ಕನೆ ನಿಂತು, ಕಲ್ಲು ಕುಲುಕಿತ್ತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ನೀರಿಗೆ ಹೊರಟ ಹೆತೆಪಿಗೆ ಕಂಡಿತು: ತಮ್ಮ ಕಲ್ಲಿನ ಬುಡದಲ್ಲಿ ಮೊಳದುದ್ದ ಬಿರುಕು.

ಗೆಳೆಯರ ಕಲ್ಲು ಗಟ್ಟಿಮುಟ್ಟಾಗಿತ್ತು. ಒದ್ದೆ ಬಟ್ಟೆಯಲ್ಲಿ ಎರಡೂ ಹೆಸರು ಉಜ್ಜಿ ತೆಗೆದು, ಅಲ್ಲೇ ಇದ್ದ ಕೆಂಪು ಬಣ್ಣದಲ್ಲಿ ಅದಲುಬದಲು ಬರೆದುಬಿಟ್ಟ. ಇಷ್ಟು ಸಲೀಸಾಗಿ ಕೈ ಓಡಿತಲ್ಲ ಎಂದು ಅವನಿಗೇ ಹೇಸಿಗೆಯಾಯಿತು. ಆದರೂ ಅಳಿಸಲಿಲ್ಲ.

“ಯಾರದ್ರಯ್ಯಾ ಈ ಒಡಕು ಕಲ್ಲು?” ಮೇಸ್ತ್ರಿ ಕೂಗಿದ.

ಗೆಳೆಯರ ಮುಖಂಡ ಇಬೆಬಿ, ಹೆತೆಪಿಯ ಊರಿನವನೇ, ವರಸೆಯಲ್ಲಿ ಮಾವ, ಬಗ್ಗಿ ಹೆಸರು ನೋಡಿದ. “ನಮ್ದೇ, ಬುದ್ಧಿ. ಇಳಿಸೋವಾಗ ನಾನೇ ಆತುರ ಮಾಡ್ದೆ.”

“ಹಂಗಾದ್ರೆ ಆಚೆ ದಡದ ಗಣಿಗೆ ನಡೀರಿ. ಬೇರೆ ಕಡಿದು ತನ್ನಿ.”

ಕುಡುಕರು ಕೇಕೆ ಹಾಕಿದರು. “ಕುಡಿದಿದ್ದು ನಾವು, ತೂರಾಡಿದ್ದು ನೀವು!” ಹೆತೆಪಿಯೂ ನಕ್ಕ. ನಗದಿದ್ದರೆ ಅನುಮಾನ ಬರುತ್ತಿತ್ತಲ್ಲ.

ಕಲ್ಲು ಮೇಲೇರಿತು. ಸಂಜೆ ಕುಡುಕರು ದೋಣಿ ಹತ್ತುವಾಗ, ಗಣಿಗೆ ಹೊರಡಲಿದ್ದ ಇಬೆಬಿ ಏದುಸಿರು ಬಿಡುತ್ತ ಬಂದು ಅಂಜೂರದ ಗಂಟು ಕೊಟ್ಟ.

“ಬಾಣಂತಿಗೆ ಕೊಡೋ. ಹಂಗೇ ನಿಮ್ಮತ್ತೆಗೂ ಹೇಳು, ನಾನು ಬರೋದು ಇನ್ನೊಂದು ತಿಂಗ್ಳು.”

“ಏನಂತ ಹೇಳ್ಲಿ ಮಾವ?”

“ಇದ್ದದ್ದು ಇದ್ದಂಗೆ ಹೇಳು. ನನ್ನ ಮಾನ ಉಳ್ಸೋಕೆ ಸುಳ್ಳುಗಿಳ್ಳು ಕಟ್ಬೇಡ. ನನ್ನಿಂದ ನಲವತ್ತು ಜನ ಊರಿಗೆ ಹೋಗ್ದೆ ಇಲ್ಲೇ ಉಳ್ಕೊಂಡ್ರು ಕಣೋ, ಅವರ ಮುಖ ನೋಡೋಕಾಗ್ತಿಲ್ಲ.”

ಭೂಮಿ ಬಾಯಿ ಬಿಡಬಾರದೇ ಅನಿಸಿತು ಹೆತೆಪಿಗೆ. ನಿಜ ಹೇಳಿಬಿಡಲೆಂದು ದೋಣಿಯಿಂದ ಕೈ ತೆಗೆದ. ಹಿಂದಿನಿಂದ ಯಾರೋ “ಬೇಗ ಹತ್ತೋ, ಮಗಳು ಕಾಯ್ತಿದಾಳೆ” ಎಂದರು.

“ಹಂಗೇ ಹೇಳ್ತೀನಿ ಮಾವ,” ಎಂದ.

ಇಬೆಬಿ ಅವನ ಬೆನ್ನು ತಟ್ಟಿ, ಮೊಣಕಾಲುದ್ದ ನೀರಿಗಿಳಿದು ದೋಣಿಯನ್ನು ತಾನೇ ನೂಕಿಕೊಟ್ಟ.