ಬೆರಳಿಟ್ಟು ನೋಡುವುದು

ಸಾನಾಗೆ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಬೇಕಿತ್ತು. ಸಿಇಟಿಯಲ್ಲಿ ಬಂದ ರ್‍ಯಾಂಕಿಗೆ ಸರ್ಕಾರಿ ಸೀಟು ಸಿಕ್ಕೇ ಸಿಗುತ್ತದೆಂದು ಭೌತಶಾಸ್ತ್ರದ ಉಪನ್ಯಾಸಕಿ ಸುಚಿತ್ರಾ ಹೇಳಿದ್ದರು. ಅಬ್ಬಾನ ಒಪ್ಪಿಗೆಯೊಂದು ಉಳಿದಿತ್ತು.

ಅವಳ ಅಬ್ಬಾ ಅತೀಕ್ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವನು. ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಲೇತ್. ಒಂದರ ಮುಂದೆ ಅವನು, ಇನ್ನೊಂದರ ಮುಂದೆ ಗೆಳೆಯ ದೇವರಾಜು. ತಿರುಗುವ ಹಾಲೆಮರದ ತುಂಡಿಗೆ ಉಳಿ ಹಿಡಿದು ಆಕಾರ ತೆಗೆಯಬೇಕು, ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸಬೇಕು, ತಾಳೆಗರಿಯಿಂದ ಉಜ್ಜಿ ಹೊಳಪು ತರಬೇಕು. ನಡುನಡುವೆ, ಯಂತ್ರ ನಿಲ್ಲಿಸದೆಯೇ, ತೋರುಬೆರಳನ್ನು ಮರದ ಮೇಲೆ ಹಗುರವಾಗಿ ಇಟ್ಟು ನೋಡುವುದು ಅತೀಕನ ಪದ್ಧತಿ. ಕಣ್ಣಿಗೆ ಕಾಣದ ತರಿ ಬೆರಳಿಗೆ ತಿಳಿಯುತ್ತದೆ. ಸಾನಾಗೂ ಅವನು ಹಾಗೆಯೇ ಕಲಿಸಿದ್ದ.

"ಮಿಶಿನ್ ಕಲಿಯಾಕೆ ಕಾಲೇಜ್ ಯಾಕ್ ಬೇಟಿ? ಮಿಶಿನ್ ಮನೇಲೇ ಐತೆ. ಕಂಪ್ಯೂಟರ್ ತಗೋ, ತಣ್ಣಗೆ ಕೂತ್ಕೊಂಡು ಕೆಲ್ಸ ಮಾಡ್ಬೋದು. ಈ ಧೂಳು ನನ್ ತಲೆಗೇ ಮುಗೀಲಿ."

"ಓಡ್ಸೋದಲ್ಲ ಅಬ್ಬಾ, ಮಿಶಿನ್ ಮಾಡೋದು."

ದೇವರಾಜು ತಲೆಯೆತ್ತಲಿಲ್ಲ. "ಲೇ ಅತೀಕ್, ಮಗ್ಳು ಪುಲ್ಲಿ ಬದ್ಲಾಯಿಸಿದ್ಮೇಲೆ ನಿನ್ ಲೇತ್ ನಡುಗೋದು ನಿಂತೋಯ್ತು. ಈಗ ನಡುಗ್ತಿರೋನು ನೀನೊಬ್ನೇ ಕಣ್ಲಾ!"

ಕೊನೆಗೆ ಸುಚಿತ್ರಾ ಒಂದು ದಾರಿ ಹುಡುಕಿದರು. ರಾಮನಗರದಾಚೆಯ ಇಂಜಿನಿಯರಿಂಗ್ ಕಾಲೇಜೊಂದು, ಯಾವ ವಿಭಾಗ ಆರಿಸಿಕೊಳ್ಳಬೇಕೆಂದು ತಿಳಿಯದ ಮಕ್ಕಳನ್ನೂ ಹೆತ್ತವರನ್ನೂ ಒಂದು ದಿನ ಕರೆದಿತ್ತು. "ಒಂದ್ಸಲ ನೋಡಿ ಬನ್ನಿ. ಆಮೇಲೂ ಬೇಡ ಅನಿಸಿದ್ರೆ ನಾನು ಮತ್ತೆ ಕೇಳಲ್ಲ" ಎಂದರು. ಅತೀಕ್ ಹಬ್ಬಕ್ಕೆ ಹೊಲಿಸಿದ್ದ ಬಿಳಿ ಅಂಗಿ ತೊಟ್ಟು ಮಗಳೊಂದಿಗೆ ಬಸ್ಸು ಹತ್ತಿದ.

ಸಭಾಂಗಣದಲ್ಲಿ ಸಿವಿಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಎಂದು ಒಂದೊಂದಾಗಿ ಪರದೆಯ ಮೇಲೆ ಬಂದವು. ಅತೀಕ್ ತೂಕಡಿಸಿದ. ಆಮೇಲೆ ಎಲ್ಲರನ್ನೂ ವರ್ಕ್‌ಶಾಪಿಗೆ ಕರೆದೊಯ್ದಾಗ, ಅಲ್ಲಿನ ಎಣ್ಣೆಯ ವಾಸನೆಗೆ ಅವನಿಗೆ ಪೂರ್ತಿ ಎಚ್ಚರವಾಯಿತು. ಸಾಲಾಗಿ ನಿಂತ ಯಂತ್ರಗಳನ್ನು ಕಂಡದ್ದೇ ಮುಖ ಅರಳಿತು.

"ಅರೆ, ಇದು ನಮ್ದೇ! ಚೆನ್ನಾಗಿ ಉಂಡು ದಪ್ಪ ಆಗೈತೆ, ಅಷ್ಟೇಯ."

ಅಲ್ಲಿನ ಬೋಧಕ ಬೋರಲಿಂಗಯ್ಯ ನಕ್ಕುಬಿಟ್ಟರು. ನೆಲದ ಮೇಲಿನ ಹಳದಿ ಗೆರೆ ದಾಟಬೇಡಿ ಎಂದು ಮಕ್ಕಳಿಗೆಲ್ಲ ಗದರುತ್ತಿದ್ದವರು, ಲೇತಿನ ಕಸುಬಿನವನೆಂದು ತಿಳಿದು ಅತೀಕನನ್ನೂ ಸಾನಾಳನ್ನೂ ತಾವೇ ಹತ್ತಿರ ಕರೆದುಕೊಂಡರು. ಉಕ್ಕಿನ ಸರಳು ತಿರುಗುತ್ತಿತ್ತು.

"ಉಳಿ ಯಾರ್ ಹಿಡಿಯೋದು ಸಾರ್?"

ಸಾನಾ ಉತ್ತರಿಸಿದಳು. "ಆ ಉದ್ದನೆ ಸ್ಕ್ರೂ ಇದ್ಯಲ್ಲ ಅಬ್ಬಾ, ಅದು ತಿರುಗ್ದಂಗೆಲ್ಲ ಉಳಿ ತಾನೇ ಮುಂದಕ್ಕೆ ಹೋಗುತ್ತೆ. ಕೈ ನಡುಗಿದ್ರೂ ಕೆಲ್ಸ ಕೆಡಲ್ಲ. ಇಂಥದ್ದೇ ಚಿಕ್ಕದು, ಮರಕ್ಕೆ ಒಗ್ಗೋವಂಥದ್ದು, ನಮ್ ಶೆಡ್ಡಿಗೆ ಮಾಡ್ಬೋದು."

ಅತೀಕ್ ಯಂತ್ರವನ್ನೂ ಮಗಳನ್ನೂ ನೋಡಿದ.

"ನೀನು ಮಾಡ್ತೀಯಾ?"

"ಕಲಿತ್ರೆ ಮಾಡ್ತೀನಿ."

"ಹಂಗಾದ್ರೆ ಇದೇ ತಗೋ. ಕಂಪ್ಯೂಟರ್ ಬ್ಯಾಡ."

ಸಾನಾ ಏನೋ ಹೇಳಲು ಬಾಯಿ ತೆರೆದಳು. ಬೋರಲಿಂಗಯ್ಯ ಇನ್ನಾರದೋ ಪ್ರಶ್ನೆಗೆ ಉತ್ತರಿಸಲು ಹಿಂದಕ್ಕೆ ತಿರುಗಿದ್ದರು. ಅತೀಕ್, ಮೂವತ್ತು ವರ್ಷ ಮಾಡಿದಂತೆಯೇ, ಯೋಚಿಸದೆ ಬಾಗಿ, ಹೊಳೆಯುತ್ತಿದ್ದ ಉಕ್ಕಿನ ಮೇಲೆ ತೋರುಬೆರಳಿಟ್ಟು ನೋಡಿದ.

ಮರ ಕಡೆದಾಗ ಸಿಪ್ಪೆ ಉದುರಿ ಬೀಳುತ್ತದೆ. ಉಕ್ಕಿನದು ಉದುರಿರಲಿಲ್ಲ, ನೀಲಿ ಸುರುಳಿಯಾಗಿ ಸರಳಿಗೇ ಅಂಟಿಕೊಂಡು ಸುತ್ತುತ್ತಿತ್ತು. ಅದು ಬೆರಳನ್ನೂ ಹೆಬ್ಬೆರಳನ್ನೂ ಸೇರಿಸಿ ಸುತ್ತಿ ಎಳೆದುಕೊಂಡಿತು. ಸಾನಾ ಕೆಂಪು ಗುಂಡಿ ಒತ್ತಿದಳು. ಒತ್ತಿದ ಮೇಲೂ ಸರಳು ಸ್ವಲ್ಪ ಹೊತ್ತು ತಿರುಗಿತು. ಏಕೆ ತಿರುಗುತ್ತದೆಂದು ಅವಳಿಗೆ ಗೊತ್ತಿತ್ತು.

ಬೆರಳುಗಳು ಉಳಿದವು. ಆದರೆ ಒಳಗಿನ ನರಗಳೂ ಸ್ನಾಯುರಜ್ಜುಗಳೂ ತುಂಡಾಗಿದ್ದವು. ಇನ್ನು ಮಡಚುವುದಿಲ್ಲ, ಸ್ಪರ್ಶವೂ ತಿಳಿಯುವುದಿಲ್ಲ ಎಂದರು ಡಾಕ್ಟರು. ಮನೆಗೆ ಬಂದ ಅತೀಕ್ ಎಡಗೈಯಲ್ಲಿ ಉಳಿ ಹಿಡಿಯಲು ಹಟ ಮಾಡಿದ. ಒಂದು ಬುಟ್ಟಿ ಮರ ಹಾಳಾದ ಮೇಲೆ ಹಟವೂ ನಿಂತಿತು. ಅವನ ಲೇತಿನ ಮುಂದೆ ಸಾನಾ ಕೂತಳು.

ಸೀಟು ಸಿಕ್ಕಿತ್ತು, ಮೆಕ್ಯಾನಿಕಲ್ಲೇ. ಸೇರಲು ಕೊನೆಯ ದಿನ ಸುಚಿತ್ರಾ ಶೆಡ್ಡಿಗೇ ಬಂದರು.

"ಸಂಜೆವರೆಗೂ ಟೈಮಿದೆ ಸಾನಾ. ಇಲ್ಲಾಂದ್ರೆ ಮುಂದಿನ ವರ್ಷ ಮತ್ತೆ ಬರೆಯೋಣ."

"ಮುಂದಿನ ವರ್ಷ ಅಬ್ಬಾನ ಬೆರಳು ಮಡಚುತ್ತಾ ಮೇಡಂ?"

ಸುಚಿತ್ರಾ ಬಾಗಿಲಿಂದಲೇ ಹೊರಟರು. ದೇವರಾಜು ತನ್ನ ಯಂತ್ರ ಚಾಲೂ ಮಾಡಿದ.

ಪಕ್ಕದ ಸ್ಟೂಲಿನಲ್ಲಿದ್ದ ಅತೀಕ್ ಮುಂದಕ್ಕೆ ಬಾಗಿ, ಮಗಳು ಕಡೆಯುತ್ತಿದ್ದ ಬುಗುರಿಯ ಮೇಲೆ ಆ ಸೆಟೆದ ಬೆರಳನ್ನು ಇಟ್ಟ. ಬುಗುರಿ ತಿರುಗುತ್ತಲೇ ಇತ್ತು. ಅವನು ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದ.

"ನುಣ್ಗೈತಾ ಬೇಟಿ?" ಎಂದು ಅವಳನ್ನೇ ಕೇಳಿದ.

ಸಾನಾ ಅವನ ಕೈಯನ್ನು ಮೆಲ್ಲಗೆ ಸರಿಸಿ ತನ್ನ ಬೆರಳಿಟ್ಟಳು.

"ಇಲ್ಲ ಅಬ್ಬಾ. ಇನ್ನೂ ಒಸಿ ತರಿ ಐತೆ," ಎಂದು ಮತ್ತೆ ಉಳಿ ಹಿಡಿದಳು.