ಆರನೆಯ ಬದಿ

ಅವಳು ಗುಂಡಿಯನ್ನು ಮತ್ತೊಮ್ಮೆ ಒತ್ತಿದಳು. ಕಂಪ್ಯೂಟರು ಮತ್ತೆ ಅದೇ ಉತ್ತರ ಕೊಟ್ಟಿತು: ಸೊನ್ನೆ, ಚುಕ್ಕೆ, ಮೂರು ಸೊನ್ನೆ. ಗೋದಾಮಿನ ಜಾಗದ ಆರು ಬದಿಗಳನ್ನು ಸುತ್ತಿ ಬಂದ ಗೆರೆ ತಾನು ಹೊರಟ ಬಾಂದುಕಲ್ಲಿನ ನೆತ್ತಿಗೇ ವಾಪಸು ಬಂದು, ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂತಿತ್ತು. ಬೇರೆ ಯಾರಾದರೂ ಆಗಿದ್ದರೆ ಖುಷಿಯಿಂದ ಪ್ರಿಂಟ್ ತೆಗೆಯುತ್ತಿದ್ದರು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಗಂಡ ಹೊರಗೆ ಹೋಗಿ ನೆಲ ಅಳೆಯುತ್ತಾನೆ, ಹೆಂಡತಿ ಒಳಗೆ ಕೂತು ಗೆರೆ ಎಳೆಯುತ್ತಾಳೆ. ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಅವನು ತಂದ ಉದ್ದ, ಕೋನಗಳನ್ನು ಸಾಫ್ಟ್‌ವೇರಿಗೆ ತುಂಬಿ ಸುತ್ತು ಕೂಡುತ್ತದೋ ಇಲ್ಲವೋ ಎಂದು ನೋಡುವುದು ಅವಳ ಕೆಲಸ. ಕೂಡುವುದೆಂದರೆ ಪೂರ್ತಿ ಕೂಡುವುದಲ್ಲ. ಕೋಲು ಹಿಡಿದವನ ಕೈ ಅಲುಗುತ್ತದೆ, ಬಿಸಿಲು ಕಣ್ಣು ಕುಕ್ಕುತ್ತದೆ, ಕಲ್ಲಿನ ತಲೆಯೇ ಅಂಗೈಯಗಲ ಇರುತ್ತದೆ. ಎಷ್ಟೇ ಜಾಗ್ರತೆಯಿಂದ ಅಳೆದರೂ ಕೊನೆಗೆ ಒಂದೆರಡು ಬೆರಳಿನ ಅಂತರ ಉಳಿದೇ ಉಳಿಯುತ್ತದೆ. ಆ ಅಂತರ ಇದ್ದರೆ ಮನುಷ್ಯರು ಹೋಗಿ ಅಳೆದಿದ್ದಾರೆ ಎಂದರ್ಥ. ಸೊನ್ನೆ ಬಂತೆಂದರೆ ಐದು ಬದಿ ಅಳೆದು, ಆರನೆಯದನ್ನು ಕೂತಲ್ಲೇ ಲೆಕ್ಕ ಹಾಕಿ ಬರೆದಿದ್ದಾರೆ ಎಂದರ್ಥ. ಹಾಗೆ ಬರೆದ ಗೆರೆ ಮಹಾ ಸಹನೆಯುಳ್ಳದ್ದು. ಉಳಿದ ಐದು ಬದಿಗಳಲ್ಲಿ ಎಷ್ಟು ತಪ್ಪಿದ್ದರೂ ಅಷ್ಟನ್ನೂ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುತ್ತದೆ.

ಈ ಆರನೆಯ ಗೆರೆ ಪರದೆಯ ಮೇಲೆ ನೆಟ್ಟಗೆ ಹೋಗಿ ಗೋದಾಮಿನ ಪಕ್ಕದ ಮನೆಯ ಹಿಂದಿನ ಕೋಣೆಯನ್ನು ಸೀಳಿತ್ತು. ಬಟ್ಟೆ ಹೊಲಿದು ಬದುಕುವ ಹೆಂಗಸಿನ ಮನೆ ಅದು. ಅವಳ ಹೊಲಿಗೆ ಮಿಷನ್ನು ಇರುವುದು ಅದೇ ಕೋಣೆಯಲ್ಲಿ. ಗೋದಾಮಿನ ಧಣಿ ಈ ನಕ್ಷೆ ಕೈಗೆ ಬಂದ ಕೂಡಲೇ ಆ ಕೋಣೆ ಒಡೆಸಿ ಕಾಂಪೌಂಡು ಎಬ್ಬಿಸಲು ಕಾದು ಕೂತಿದ್ದ. ನಕ್ಷೆಯ ಮೂಲೆಯಲ್ಲಿ ಎರಡು ಸಹಿಗೆ ಜಾಗವಿತ್ತು. ಅಳೆದವರು ಎಂಬಲ್ಲಿ ಗಂಡ ಆಗಲೇ ಗೀಚಿದ್ದ. ಪರಿಶೀಲಿಸಿದವರು ಎಂಬಲ್ಲಿ ಅವಳು ಹಾಕಬೇಕಿತ್ತು.

"ರೀ, ಇಲ್ಲಿ ಬನ್ನಿ."

"ಅಲ್ಲಿಂದಲೇ ಹೇಳು, ಕೇಳಿಸುತ್ತೆ," ಎಂದ ಗಂಡ ಒಳಗಿನಿಂದ.

"ಬನ್ನಿ ಅಂದೆ!"

ಅವನು ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತ. "ಕೂಡ್ತಾ?"

"ಕೂಡ್ತು. ಸೊನ್ನೆ."

"ಒಳ್ಳೇದಾಯ್ತಲ್ಲ."

"ಏನು ಒಳ್ಳೇದು? ಅಳೆಯೋ ಯಂತ್ರ ಮಾಡಿದೋರೇ ಬಂದು ಅಳೆದ್ರೂ ಸೊನ್ನೆ ಬರಲ್ಲ, ನಿಮಗೆ ಬಂತಾ? ಆರನೇ ಬದಿ ಅಳೆದ್ರೋ ಇಲ್ವೋ, ಅಷ್ಟು ಹೇಳಿ."

ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ. "ಅಳೆದ ಹಾಗೇನೇ ಅದು. ಎರಡೂ ತುದಿ ಗೊತ್ತಿರುವಾಗ ನಡುವೆ ಇನ್ನೇನಿರುತ್ತೆ?"

"ನಡುವೆ ಒಂದು ಹೆಂಗಸಿನ ಮನೆ ಇರುತ್ತೆ!"

ಅವನು ಕುರ್ಚಿ ಎಳೆದುಕೊಂಡು ನಿಧಾನವಾಗಿ ಕೂತ. ಬಲಗಾಲನ್ನು ಮಡಿಸದೆ ಮುಂದಕ್ಕೆ ಚಾಚಿದ. ಆರನೆಯ ಕಲ್ಲು ದಿಬ್ಬದ ಮೇಲಿದೆ, ಹತ್ತುವುದಕ್ಕೆ ಮಂಡಿ ಕೇಳಲಿಲ್ಲ, ಕೋಲಿನವನೂ ಜೊತೆಗಿರಲಿಲ್ಲ ಎಂದ. ಎಲ್ಲಿ ಹೋಗಿದ್ದ ಎಂದಳು. ಅವನು ಬಿಟ್ಟು ಹೋಗಿ ತಿಂಗಳುಗಳೇ ಆದವು, ಪಾರ್ಸೆಲ್ ಹಂಚುವ ಕೆಲಸಕ್ಕೆ ಸೇರಿಕೊಂಡ ಎಂದ.

ಅವಳು ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. "ದಿನಾ ಬೆಳಿಗ್ಗೆ ಇಬ್ಬರಿಗೆ ಊಟ ಕಟ್ಟಿ ಕೊಡ್ತಿದ್ದೆನಲ್ಲ, ಯಾರು ತಿಂತಿದ್ರು?"

"ನಾನೇ."

"ಎರಡೂನಾ?"

"ಇನ್ನೇನು ಮಾಡಲಿ, ವಾಪಸು ತಂದ್ರೆ ನೀನು ಕೇಳ್ತಿದ್ದೆ. ಕೇಳಿದ್ರೆ ಹೇಳಬೇಕಿತ್ತು. ಹೇಳಿದ್ರೆ ಮಂಡಿ ಸರಿಯಾಗೋವರೆಗೆ ಮನೇಲಿ ಬಿದ್ದಿರಿ ಅಂತಿದ್ದೆ."

ಬೇರೆ ಹೊತ್ತಿನಲ್ಲಾದರೆ ಅವಳಿಗೆ ನಗು ಬರುತ್ತಿತ್ತು. ಈಗ ಕಟ್ಟಿ ಕೊಟ್ಟ ಒಂದೊಂದು ಡಬ್ಬಿಯೂ ನೆನಪಾಗಿ ಕೋಪ ನೆತ್ತಿಗೇರಿತು. ಮಂಡಿ ನೋಯುತ್ತದೆ ಎಂಬ ಒಂದು ಮಾತನ್ನು ಮುಚ್ಚಿಡಲು ಇಷ್ಟು ದಿನ ಎರಡು ಹೊಟ್ಟೆಯ ಅನ್ನ ತಿಂದವನು, ಅದೇ ಬಾಯಿಂದ ಎಲ್ಲ ಸರಿಯಾಗಿದೆ ಅಂದಿದ್ದ. ಅವಳು ಗಾಡಿಯ ಕೀಲಿ ತೆಗೆದುಕೊಂಡಳು.

"ಎಲ್ಲಿಗೆ? ಧಣಿ ಸಂಜೆ ಬರ್ತಾನೆ ಕಣೇ, ಪ್ರಿಂಟ್ ಕೇಳ್ತಾನೆ."

"ಕೇಳಲಿ. ಏಳಿ."

ದಾರಿಯುದ್ದಕ್ಕೂ ಅವಳು ಗೇರು ಬದಲಿಸಿದ ರೀತಿಗೆ ಹಿಂದಿನ ಸೀಟಿನಲ್ಲಿದ್ದ ನೆಲ ಅಳೆಯುವ ಯಂತ್ರ, ಟೋಟಲ್ ಸ್ಟೇಷನ್ನು, ಪೆಟ್ಟಿಗೆಯೊಳಗೇ ಕುಲುಕಾಡಿತು. ಜೋಪಾನ, ಅದು ಸೂಕ್ಷ್ಮ ಯಂತ್ರ ಎಂದು ಗಂಡ ಹೇಳಹೊರಟು, ಅವಳ ಮುಖ ನೋಡಿ, ಹಿಂದಕ್ಕೆ ಕೈ ಚಾಚಿ ಪೆಟ್ಟಿಗೆ ಹಿಡಿದುಕೊಂಡ.

ಗೋದಾಮಿನ ಜಾಗ ರಸ್ತೆಯಿಂದ ಹಿಂದಕ್ಕೆ ಏರುತ್ತಾ ಹೋಗಿತ್ತು. ಒಂದನೆಯ ಕಲ್ಲು ಕೆಳಗೆ ಗೇಟಿನ ಪಕ್ಕ, ಆರನೆಯದು ಮೇಲೆ ದಿಬ್ಬದ ತುದಿಯಲ್ಲಿ. ಎರಡರ ನಡುವೆ, ತುಸು ಪಕ್ಕಕ್ಕೆ, ಹೊಲಿಗೆಯವಳ ಮನೆಯ ಹಿಂಗೋಡೆ. ಆ ಗೋಡೆಯ ಮೇಲೆ ಯಾರೋ ಆಗಲೇ ಕೆಂಪು ಬಣ್ಣದಲ್ಲಿ ದಪ್ಪ ಗೆರೆ ಎಳೆದಿದ್ದರು. ಗಂಡ ಬಾಯಿಮಾತಿನಲ್ಲಿ ಹೇಳಿದ್ದ ಅಳತೆಯನ್ನೇ ನಂಬಿ ಧಣಿಯ ಕಡೆಯವರು ಮಾಡಿದ ಕೆಲಸ. ಹೊಲಿಗೆಯವಳು ಬಟ್ಟೆಯ ಗಂಟೊಂದನ್ನು ಮುಂದಿನ ಕೋಣೆಗೆ ಸಾಗಿಸುತ್ತಿದ್ದವಳು ಇವರನ್ನು ಕಂಡು ನಿಂತಳು. ವಯಸ್ಸಾದ, ಗಟ್ಟಿ ಮೈಕಟ್ಟಿನ ಹೆಂಗಸು. ಕೊರಳಲ್ಲಿ ಅಳತೆ ಟೇಪು ಜೋತಾಡುತ್ತಿತ್ತು.

"ಮತ್ತೆ ಯಾಕಮ್ಮ ಬಂದ್ರಿ? ಇನ್ನೊಂದು ಕೋಣೆ ಬೇಕಾಯ್ತಾ?"

"ಅಳೆಯೋಕೆ ಬಂದ್ವಿ ಅಕ್ಕಾ."

"ಈಗ ಅಳೀತೀರಾ? ಬಣ್ಣ ಬಳಿದ್ಮೇಲೆ? ನಾನು ಒಂದು ರವಿಕೆ ಕತ್ತರಿಸಬೇಕಾದ್ರೂ ಮೊದಲು ಅಳೆದು ಆಮೇಲೆ ಕತ್ತರಿ ಹಾಕ್ತೀನಿ." ಗಂಡನ ಕಡೆ ಕೈ ತೋರಿಸಿದಳು. "ಈ ಯಪ್ಪ ಅವತ್ತು ರಸ್ತೆಯಾಚೆ ಮರದ ಕೆಳಗೆ ಸ್ಟೂಲು ಹಾಕ್ಕೊಂಡು ಕೂತಿದ್ದ. ಈ ಕಡೆ ತಲೆ ಕೂಡ ಹಾಕಲಿಲ್ಲ."

ಗಂಡ ಸ್ಟ್ಯಾಂಡಿನ ಕಾಲು ಬಿಚ್ಚುವುದರಲ್ಲಿ ಮುಳುಗಿದವನಂತೆ ತಲೆ ತಗ್ಗಿಸಿದ. ಹೆಂಡತಿಗೆ ಅವಮಾನವಾಯಿತು. ಸ್ಟ್ಯಾಂಡನ್ನು ಅವನ ಕೈಯಿಂದ ಕಿತ್ತುಕೊಂಡು ಪೆಟ್ಟಿಗೆಯನ್ನೂ ಎತ್ತಿಕೊಂಡಳು. ಮೇಲಕ್ಕೆ ನಾನು ಒಯ್ಯುತ್ತೇನೆ, ನೀವು ಕೆಳಗೆ ಒಂದನೇ ಕಲ್ಲಿನ ಮೇಲೆ ಕೋಲು ಹಿಡಿದರೆ ಸಾಕು ಎಂದಳು. ಅಷ್ಟಾದರೂ ಆಗುತ್ತದೋ ಎಂದು ಸೇರಿಸುವುದನ್ನೂ ಮರೆಯಲಿಲ್ಲ.

ದಿಬ್ಬ ಹತ್ತುವಾಗ ಕಲ್ಲುಪುಡಿ ಜಾರುತ್ತಿತ್ತು. ಮಂಡಿ ನೆಟ್ಟಗಿರುವ ಅವಳಿಗೇ ಮುಳ್ಳುಕಂಟಿ ಹಿಡಿದುಕೊಳ್ಳಬೇಕಾಯಿತು. ಯಂತ್ರ ನಿಲ್ಲಿಸಿ, ತಿರುಪು ತಿರುಗಿಸಿ, ಐದನೆಯ ಕಲ್ಲಿನ ದಿಕ್ಕು ಹಿಡಿದು, ಆಮೇಲೆ ಕೆಳಗೆ ತಿರುಗಿಸಿ ಕಣ್ಣಿಟ್ಟಳು. ದೂರದಲ್ಲಿ ಕಡ್ಡಿಯಷ್ಟಿದ್ದ ಗಂಡ ಮಸೂರದಲ್ಲಿ ಕೈಗೆ ಸಿಗುವಷ್ಟು ಹತ್ತಿರ ಬಂದ. ಕೋಲಿನ ತುದಿಯಲ್ಲಿ ಯಂತ್ರದ ಕಿರಣವನ್ನು ಹಿಂದಿರುಗಿಸುವ ಗಾಜು, ಪ್ರಿಸಂ, ಹೊಳೆಯುತ್ತಿತ್ತು. ಅದು ನಿಲ್ಲುತ್ತಿರಲಿಲ್ಲ. ಅವನು ಕೋಲನ್ನು ಹಿಡಿದಿರಲಿಲ್ಲ, ಅದಕ್ಕೆ ಒರಗಿದ್ದ. ಬಲಗಾಲನ್ನು ನೆಲದಿಂದ ತುಸು ಎತ್ತಿ, ಮೈಭಾರವನ್ನೆಲ್ಲ ಎರಡು ಕೈಗಳಿಂದ ಕೋಲಿನ ಮೇಲೆ ಹಾಕಿ, ಹಲ್ಲು ಕಚ್ಚಿಕೊಂಡು ನಿಂತಿದ್ದ. ತನ್ನನ್ನು ಇಷ್ಟು ಹತ್ತಿರದಿಂದ ನೋಡುತ್ತಿದ್ದಾಳೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ, ನೋವಿನಲ್ಲಿ ಮರೆತಿದ್ದ.

ಅವಳಿಗೆ ಅಯ್ಯೋ ಅನಿಸಿತು. ಅದರಿಂದ ಕೋಪ ಇಳಿಯಲಿಲ್ಲ, ಇಮ್ಮಡಿಯಾಯಿತು. ಇಷ್ಟು ನೋವನ್ನು ಪಕ್ಕದ ದಿಂಬಿನಲ್ಲಿ ಮಲಗುವವಳಿಂದ ಬಚ್ಚಿಟ್ಟನಲ್ಲ!

"ನೇರ ಹಿಡೀರಿ!" ಎಂದು ಕೂಗಿದಳು. "ಅದು ಊರುಗೋಲಲ್ಲ!"

ಅವನು ಬೆಚ್ಚಿ ಮೈ ನೆಟ್ಟಗೆ ಮಾಡಿದ. ಪ್ರಿಸಂ ಒಂದು ಗಳಿಗೆ ನಿಂತಿತು. ಅವಳು ಗುಂಡಿ ಒತ್ತಿದಳು.

ಹೊಲಿಗೆಯವಳ ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಲ್ಯಾಪ್‌ಟಾಪು ತೆರೆದು, ಆರನೆಯ ಬದಿಯ ನಿಜವಾದ ಅಳತೆ ತುಂಬಿದಳು. ಸುತ್ತು ಈ ಸಲ ಕೂಡಲಿಲ್ಲ. ಒಂದು ಮೀಟರು ಎಂಬತ್ತೆರಡು ಸೆಂಟಿಮೀಟರಿನಷ್ಟು ಬಾಯಿ ಬಿಟ್ಟುಕೊಂಡು ನಿಂತಿತು. ಗಂಡ ಪರದೆಯ ಹತ್ತಿರಕ್ಕೆ ಬಾಗಿ ಅಂಕಿಯನ್ನು ಮತ್ತೊಮ್ಮೆ ಓದಿದ.

ಅಂತರ ಯಾವ ದಿಕ್ಕಿಗೆ ಬಿದ್ದಿದೆ ಎಂದು ನೋಡಿದಳು. ಆರು ಬದಿಗಳಲ್ಲಿ ಯಾವುದು ಅದೇ ದಿಕ್ಕಿಗೆ ಓಡುತ್ತದೋ ಅದರ ಉದ್ದ ಕೆಟ್ಟಿರುತ್ತದೆ. ನಾಲ್ಕನೆಯದು ಹಾಗೇ ಓಡುತ್ತಿತ್ತು.

"ನಾಲ್ಕನೇದಕ್ಕೆ ಕೋಲು ಯಾರು ಹಿಡಿದಿದ್ರು?"

"ಕೋಲು ಇರಲಿಲ್ಲ," ಎಂದ. "ಕಿರಣಾನ ನೇರ ಕಲ್ಲಿಗೇ ಹೊಡೆದೆ. ಪ್ರಿಸಂ ಇಲ್ಲದೆಯೂ ಅಳೆಯೋಕೆ ಯಂತ್ರಕ್ಕೆ ಬರುತ್ತಲ್ಲ."

ಹೋಗಿ ನೋಡಿದರು. ಕಲ್ಲು ಹುಲ್ಲಿನಲ್ಲಿ ಮೊಣಕಾಲಿನಷ್ಟೂ ಎತ್ತರವಿರಲಿಲ್ಲ. ಅದರ ಹಿಂದೆ, ಒಬ್ಬ ಮನುಷ್ಯ ಅಡ್ಡ ಮಲಗುವಷ್ಟು ಜಾಗ ಬಿಟ್ಟು, ಒಂದು ಸಿಮೆಂಟಿನ ಕಂಬ. ಯಂತ್ರದ ಕಿರಣ ಕಲ್ಲಿನ ತಲೆ ಸವರಿಕೊಂಡು ಹೋಗಿ ಕಂಬಕ್ಕೆ ಬಡಿದಿತ್ತು. ಅಲ್ಲಿ ಉದ್ದವಾದ ಬದಿ ನಕ್ಷೆಯಲ್ಲಿ ಮುಂದಿನ ಕಲ್ಲುಗಳನ್ನೆಲ್ಲ ತಳ್ಳಿಕೊಂಡು ಹೋಗಿ, ಆರನೆಯ ಗೆರೆಯನ್ನು ಹೊಲಿಗೆ ಕೋಣೆಯೊಳಗೆ ನಿಲ್ಲಿಸಿತ್ತು. ಅವಳು ಕೋಲು ಹಿಡಿದಳು, ಅವನು ಯಂತ್ರದಲ್ಲಿ ನಿಂತ, ಮತ್ತೆ ಅಳೆದರು. ಸುತ್ತು ಕೂಡಿತು. ಉಳಿದದ್ದು ಎರಡು ಸೆಂಟಿಮೀಟರು.

ಧಣಿ ಅಲ್ಲಿಗೇ ಬಂದ. ಆಫೀಸಿಗೆ ಬೀಗ ಕಂಡು ಸಿಟ್ಟಾಗಿಯೇ ಬಂದಿದ್ದ. "ಏನು ಮೇಡಂ, ನಾಳೆ ಆಳುಗಳು ಬರ್ತಾರೆ, ನೀವು ಇಲ್ಲಿ ಆಟ ಆಡ್ತಿದ್ದೀರಾ? ಪ್ರಿಂಟ್ ಎಲ್ಲಿ?"

"ಆ ನಕ್ಷೆ ತಪ್ಪು. ಗೆರೆ ಈ ಗೋಡೆಗೆ ತಾಗೋದೇ ಇಲ್ಲ, ಹೊರಗೆ ಹೋಗುತ್ತೆ."

"ನಿಮ್ಮ ಯಜಮಾನ್ರು ಸರಿ ಇದೆ ಅಂದಿದ್ರು. ಯಾರ ತಪ್ಪು ಇದು?"

ಗಂಡ ಅವಳ ಮುಖ ನೋಡಿದ. ಹೇಳಿಬಿಡಬೇಕು ಎಂದು ಅವಳ ನಾಲಿಗೆ ತುದಿಗೇ ಬಂದಿತ್ತು.

"ನಮ್ಮದು," ಎಂದಳು.

ಧಣಿ ಬಾಯಿಗೆ ಬಂದದ್ದೆಲ್ಲ ಅಂದು, ಬೇರೆಯವರ ಹತ್ತಿರ ಅಳೆಸುತ್ತೇನೆ ಎಂದು ಬೆದರಿಸಿ ಹೊರಟುಹೋದ. ಅಳೆಸಿಕೊಳ್ಳಿ ಎಂದು ಅವಳು ಅವನ ಬೆನ್ನಿಗೆ ಹೇಳಿದಳು. ಹೊಲಿಗೆಯವಳು ಇಷ್ಟನ್ನೂ ಬಾಗಿಲಲ್ಲಿ ನಿಂತು ಕೇಳಿದ್ದಳು.

"ಅಂದ್ರೆ ಗೋಡೆ ಉಳೀತಾ?"

"ಉಳೀತು ಅಕ್ಕಾ."

"ಉಳೀದೆ ಏನು, ನನ್ನದೇ ಜಾಗದಲ್ಲಿ ಕಟ್ಟಿಸಿದ್ದು." ಅವಳ ದನಿಯಲ್ಲಿ ಸಂತೋಷವಿರಲಿಲ್ಲ. "ಇಷ್ಟು ದಿನ ನಿದ್ದೆ ಇಲ್ಲ ನನಗೆ. ಆ ಬಣ್ಣ ಯಾರು ಅಳಿಸ್ತಾರೆ?"

ಉತ್ತರಕ್ಕೆ ಕಾಯದೆ ಅವಳು ಬಟ್ಟೆಯ ಗಂಟನ್ನು ಹಿಂದಿನ ಕೋಣೆಗೆ ಎಳೆದುಕೊಂಡು ಹೋದಳು.

ಇಬ್ಬರೂ ಗಾಡಿ ಹತ್ತಿ ವಾಪಸು ಹೊರಟರು. "ನಮ್ಮದು" ಎಂದ ಆ ಒಂದು ಮಾತಿನಿಂದ ಗಂಡನಿಗೆ ಜೀವ ಬಂದಂತಿತ್ತು. ಮನೆ ಹತ್ತಿರವಾಗುತ್ತಲೇ, ಹೆಂಡತಿಯನ್ನು ಹೇಗಾದರೂ ನಗಿಸಬೇಕೆಂದು, ಮಂಡಿ ನೀವಿಕೊಳ್ಳುತ್ತಾ ಹೇಳಿದ: "ಅಷ್ಟೆಲ್ಲ ಒದ್ದಾಡಿ ಕೊನೆಗೆ ಉಳಿದಿದ್ದು ಎರಡು ಸೆಂಟಿಮೀಟರ್. ಅಳೆಯದ ಬದಿಗೆ ನಾನು ಕೈಯಿಂದ ಅಂತರ ಹಾಕಿದ್ರೂ ಅಷ್ಟೇ ಹಾಕ್ತಿದ್ದೆ. ಅವತ್ತೊಂದಿನ ಹಾಕೋಕೆ ಮರೆತೆ, ನೋಡು, ಸಿಕ್ಕಿಬಿದ್ದೆ."

ಅವಳು ನಗಲಿಲ್ಲ. ಗಾಡಿ ನಿಲ್ಲಿಸಿ ಒಳಗೆ ಬಂದು, ಚಪ್ಪಲಿಯನ್ನೂ ಬಿಡದೆ ಕಂಪ್ಯೂಟರಿನ ಮುಂದೆ ಕೂತಳು. ಈ ವರ್ಷದ ನಕ್ಷೆಗಳನ್ನು ಒಂದೊಂದಾಗಿ ತೆರೆದಳು. ಎರಡು ಸೆಂಟಿಮೀಟರು. ಒಂದೂವರೆ. ಎರಡು ಕಾಲು. ಅವತ್ತವತ್ತು ಈ ಅಂಕಿಗಳನ್ನು ನೋಡಿಯೇ ಅವಳಿಗೆ ಸಮಾಧಾನವಾಗಿತ್ತು, ಎಷ್ಟು ಅಚ್ಚುಕಟ್ಟು ಕೆಲಸ ಎಂದು ಹೆಮ್ಮೆಯೂ ಆಗಿತ್ತು. ಒಂದೊಂದರ ಮೂಲೆಯಲ್ಲೂ ಅವಳ ಸಹಿ. ಅಲ್ಲೆಲ್ಲ ಈಗ ಗೋಡೆಗಳು ಎದ್ದಿವೆ. ಯಾರ ಯಾರ ಜಾಗದ ಮೇಲೆ ಎದ್ದಿವೆಯೋ ಅವಳಿಗೆ ಗೊತ್ತಿಲ್ಲ. ನಿಜವಾದ ಎರಡು ಸೆಂಟಿಮೀಟರು ಯಾವುದು, ಕೈಯಿಂದ ಹಾಕಿದ ಎರಡು ಸೆಂಟಿಮೀಟರು ಯಾವುದು ಎಂದು ಹೇಳುವ ಯಾವ ಗುಂಡಿಯೂ ಆ ಸಾಫ್ಟ್‌ವೇರಿನಲ್ಲಿ ಇರಲಿಲ್ಲ.

ಗಂಡ ಎರಡು ಲೋಟ ಚಹಾ ಹಿಡಿದುಕೊಂಡು ಬಂದ. ಪರದೆಯ ಮೇಲೆ ಏನಿದೆ ಎಂದು ಕಂಡದ್ದೇ ಅವನ ಮುಖದ ನಗು ಆರಿತು. ಲೋಟಗಳನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.

"ಅದು ಬಿಡು," ಎಂದ ಮೆಲ್ಲಗೆ. "ಅದು ಪೂರ್ತಿ ಅಳೆದಿದ್ದೆ."

ಅವಳು ಅದನ್ನು ಮುಚ್ಚಿ ಮುಂದಿನದನ್ನು ತೆರೆದಳು. ಅವನು ಏನೂ ಹೇಳಲಿಲ್ಲ. ಅವಳು ಕಾದಳು. ಆಮೇಲೆ ಕಾಗದವೊಂದನ್ನು ಎಳೆದು, ಮತ್ತೆ ಅಳೆಯಬೇಕಾದ ಆ ಜಾಗದ ವಿಳಾಸ ಬರೆದುಕೊಂಡು, ಅದರ ಮುಂದಿನದನ್ನು ತೆರೆದಳು.