ಬೆರಳು ತೋರಿಸಬಾರದ ಸೋರೆಕಾಯಿ

ನಮ್ಮ ಮನೆಯವರು ಶಂಭುಲಿಂಗಪ್ಪನವರು ರಾಯಚೂರಿನಿಂದ ‘ಹಿತ್ತಲ ಬೆಳೆ’ ಎಂಬ ಮಾಸಪತ್ರಿಕೆ ಹೊರತರುತ್ತಾರೆ. ಮನೆಯಲ್ಲೇ ಹಣ್ಣು, ತರಕಾರಿ ಬೆಳೆದುಕೊಳ್ಳುವವರಿಗೆ. ಅಲ್ಲಿ ಇಲ್ಲಿ ಓದಿದ್ದನ್ನು ಬರೆಯುತ್ತಾರೆ, ಬರೆದದ್ದನ್ನು ಮರೆಯುತ್ತಾರೆ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅನ್ನುತ್ತಾರಲ್ಲ. ನಮ್ಮ ಮಾಳಿಗೆಯ ಕುಂಡಗಳಲ್ಲಿ ಬದನೆಕಾಯಿಯೂ ಇರಲಿಲ್ಲ.

ಒಂದು ಸಂಚಿಕೆಯಲ್ಲಿ ಗುಡುಗಿದರು: ಎಳೆಗಾಯಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಎನ್ನುವುದು ಮೂಢನಂಬಿಕೆ. ಪರಾಗ ಸಿಗದ ಮಿಡಿ ಕೊಳೆಯುತ್ತದೆ, ಅಷ್ಟೇ. ಸಂಜೆ ಸೋರೆ ಹೂ ಅರಳಿದಾಗ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಸವರಿ.

ಅದನ್ನು ಓದಿ ಮಾನ್ವಿ ತಾಲ್ಲೂಕಿನ ಮಲ್ಲಟದಿಂದ ಕರೆಮ್ಮ ಎಂಬ ಹೆಣ್ಣುಮಗಳು ಫೋನ್ ಮಾಡಿದಳು. “ಸರ, ಬರೋ ತಿಂಗಳ ಮೊದಲನೇ ಐತವಾರ ನಮ್ಮ ಸಂಘದಾಕ್ಯಾರು ಹನ್ನೆರಡು ಮಂದಿ ನಿಮ್ಮ ತ್ವಾಟ ನೋಡಾಕ ಬರ್ತೀವ್ರಿ.”

ಇವರ ಜೀವ ಬಾಯಿಗೆ ಬಂತು. ತೋರಿಸಲು ಇದ್ದದ್ದು ಒಂದೇ ಸೋರೆ ಬಳ್ಳಿ. ಅದರ ಮೂರು ಮಿಡಿಗಳು ಹಳದಿಗಟ್ಟಿ ಉದುರಿದ್ದವು. “ಒಂದು ಕಾಯಿನೂ ಇಲ್ಲಂದ್ರ ಯಾವ ಮುಖ ಇಟ್ಕೊಂಡು ಪತ್ರಿಕೆ ಮಾಡ್ಲಿ? ಬಂದ್ ಮಾಡಿಬಿಡ್ತೀನಿ” ಎಂದರು. ನಾಲ್ಕನೆಯ ಮಿಡಿ ಕಂಡ ದಿನವೇ ತಮ್ಮ ಹರಿದ ಚಪ್ಪಲಿಯನ್ನು ಎಲೆಯ ಮರೆಯಲ್ಲಿ ಬಳ್ಳಿಗೆ ಕಟ್ಟಿದರು.

“ನಂಬಿಕಿ ಅಂತಲ್ಲ. ಇರ್ಲಿ ಅಂತ ಅಷ್ಟ.”

ಸಂಜೆ ಒಣಗಿದ ಬಟ್ಟೆ ತರುವ ನೆಪದಲ್ಲಿ ಮಾಳಿಗೆ ಹತ್ತಿ ನಾನು ಹೂವು ಸವರಿ ಬಂದೆ. ಹೇಳಲಿಲ್ಲ. ಹೇಳಿದ್ದರೆ ನಿನಗೇನು ಗೊತ್ತು ಅನ್ನುತ್ತಿದ್ದರು. ಕಾಯಿ ನಿಂತಿತು, ಮೊಳದುದ್ದ ಬೆಳೆಯಿತು. ಇವರು ದಿನಾ ಚಪ್ಪಲಿಯನ್ನು ಭಕ್ತಿಯಿಂದ ನೋಡಿ ಇಳಿಯುತ್ತಿದ್ದರು.

ಐತವಾರ ಹನ್ನೆರಡೂ ಮಂದಿ ಬಂದರು. ಕರೆಮ್ಮ ಕಾಯಿಯ ಕಡೆ ಬೆರಳೆತ್ತಿದಳು.

“ಬೆರಳು ತೋರ್ಸಬ್ಯಾಡ್ರೀ!” ಇವರು ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಎಲ್ಲರೂ ಇವರ ಕಡೆ ತಿರುಗಿದರು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ನನಗೆ. ಕರೆಮ್ಮ ಮಾತ್ರ ನಕ್ಕಳು.

“ನಮ್ಮನ್ನ ಪರೀಕ್ಷಾ ಮಾಡಾಕತ್ತೀರೇನ್ರಿ ಸರ? ನೀವ ಬರ್ದೀರಲ್ರಿ, ಏನೂ ಆಗಲ್ಲಂತ. ಹೂವು ಸವರಿ ನಮ್ಮ ಬಳ್ಳಿಗಿ ಹದಿನೆಂಟು ಕಾಯಿ ಹಿಡ್ದಾವ. ನಮ್ಮತ್ತಿ ದಿನಾ ಬೆರಳು ತೋರಿಸೇ ಎಣಿಸ್ತಾಳ.”

“ಹೌದೌದು, ಪರೀಕ್ಷಾನ” ಎಂದರು ಇವರು, ಬೆವರು ಒರೆಸಿಕೊಳ್ಳುತ್ತ.

ಹೋಗುವಾಗ ಕರೆಮ್ಮ ತಾನು ತಂದಿದ್ದ ಎರಡು ಸೋರೆಕಾಯಿ ನನ್ನ ಉಡಿಗೆ ಹಾಕಿದಳು. ಅವರು ಬಾಗಿಲು ದಾಟಿದ ಮೇಲೆ ಇವರು ಮೆಲ್ಲಗೆ ಕೇಳಿದರು, “ನಮ್ಮ ಕಾಯಿಗಿ ಹೂವು ಸವರಿದ್ದು ನೀನೇನು?”

“ಹೂಂನ್ರಿ.”

“ಯಾರು ಹೇಳಿಕೊಟ್ರು?”

“ಪುಸ್ತಕದಾಗ ಓದೀನ್ರಿ. ನಿಮ್ಮದರಾಗ.”

ಇವರು ಕನ್ನಡಕ ಹಾಕಿಕೊಂಡು, ಆ ಸಂಚಿಕೆ ಹುಡುಕಿ ತೆಗೆದು, ಮೊದಲ ಪುಟದಿಂದ ಓದಲು ಕೂತರು. ನಗು ಬಂತು, ಅವರ ಮೇಲೆ ಪ್ರೀತಿಯೂ ಬಂತು.

ಸಂಜೆ ಮಾಳಿಗೆ ಹತ್ತಿ ಆ ಚಪ್ಪಲಿ ಬಿಚ್ಚಲು ಕೈ ಹಾಕಿದೆ. ಪಕ್ಕದಲ್ಲೇ ಐದನೆಯ ಮಿಡಿ ಕಾಣಿಸಿತು. ಹೂವು ಸವರಿದೆ. ಚಪ್ಪಲಿ ಇರಲಿ ಎಂದು ಬಿಟ್ಟು ಇಳಿದು ಬಂದೆ.